ಐದನೇ ತೊರೆ

ಖಾನೆ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು.

ಎಳೆದ. ಬರಲಿಲ್ಲ. ಮೊಣಕಾಲೂರಿ ಕೂತು ಎರಡೂ ಕೈಯಲ್ಲಿ ಎಳೆದ. ಕಬ್ಬಿಣದ ಬೀರು ಒಮ್ಮೆ ನರಳಿ, ಒಂದು ಗೇಣು ಬಿಟ್ಟುಕೊಟ್ಟು, ಮತ್ತೆ ಹಟ ಹಿಡಿಯಿತು. ಒಳಗೆ ನಲವತ್ತೇಳನೇ ಹಾಳೆಯ ಅಂಚು ಮಾತ್ರ ಕಾಣುತ್ತಿತ್ತು. ಆರಿದ ಚಹಾದ ಬಣ್ಣ.

"ಸಿಕ್ತಾ ಸಾರ್?" ಕೌಂಟರಿನ ಗುಮಾಸ್ತೆ ಬಾಗಿಲಲ್ಲಿ ನಿಂತಿದ್ದಳು. "ನಿರ್ದೇಶಕರು ಮೂರನೇ ಸಲ ಕೇಳಿದ್ರು."

"ಸಿಕ್ಕಿದೆ. ಬರ್ತಿಲ್ಲ."

"ಅವರಿಗೆ ಎರಡೂ ಒಂದೇ ಅಲ್ವಾ ಸಾರ್."

ಅವನಿಗೆ ನಗು ಬರಲಿಲ್ಲ. ತಾನು ಪೂರ್ತಿ ಬಲ ಹಾಕಿ ಎಳೆಯುತ್ತಿಲ್ಲ ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು. ಖಾನೆ ಕೆಟ್ಟಿದೆ, ರಿಪೇರಿಯವನು ಬರಬೇಕು, ನಾಳೆ ನೋಡೋಣ ಎಂದುಬಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ನಕ್ಷೆಗಳ ಈ ಕಚೇರಿಯಲ್ಲಿ ಅದಕ್ಕಿಂತ ಸಣ್ಣ ಕಾರಣಕ್ಕೆ ಅದಕ್ಕಿಂತ ದೊಡ್ಡ ಕೆಲಸಗಳು ನಿಂತದ್ದನ್ನು ಇಪ್ಪತ್ತೈದು ವರ್ಷದಿಂದ ನೋಡಿದ್ದ.

ಗುಮಾಸ್ತೆ ಒಳಗೆ ಬಂದಳು. ತೋಳು ಮಡಚಿ, ಖಾನೆಯ ಅಡಿಗೆ ಕೈ ಹಾಕಿ ಎತ್ತಿ, ಒಂದೇ ಏಟಿಗೆ ಹೊರಗೆಳೆದಳು.

"ಎತ್ತಿ ಎಳೀಬೇಕು ಸಾರ್. ಬರೀ ಎಳೆದ್ರೆ ಬರಲ್ಲ."

"ಗೊತ್ತು," ಎಂದ.

ಆ ಉಪಾಯವನ್ನು ಅವಳಿಗೆ ಹೇಳಿಕೊಟ್ಟವನು ಅವನೇ.

ನಿರ್ದೇಶಕರು ಮೇಜು ಖಾಲಿ ಮಾಡಿಸಿ ಕಾಯುತ್ತಿದ್ದರು. ಅವನಿಗಿಂತ ಹತ್ತು ವರ್ಷ ಚಿಕ್ಕವರು; ಎಲ್ಲದಕ್ಕೂ 'ಒಳ್ಳೇದಾಯ್ತು' ಎನ್ನುವ ಅಭ್ಯಾಸ. ಅವನು ಹಾಳೆ ಹಾಸಿ ನಾಲ್ಕು ಮೂಲೆಗೂ ಭಾರ ಇಟ್ಟ.

ಐವತ್ತೊಂದು ವರ್ಷದ ಹಿಂದಿನ ನಕ್ಷೆ. ಎತ್ತರದ ಸೀಮೆ. ಊರಿಲ್ಲ, ರಸ್ತೆಯಿಲ್ಲ, ಬೆಟ್ಟದ ಏರಿಳಿತ ತೋರಿಸುವ ಕಂದು ಗೆರೆಗಳು ಒಂದರ ಬೆನ್ನಿಗೊಂದು ಒತ್ತಿಕೊಂಡಿದ್ದವು. ಅವುಗಳ ನಡುವೆ ನೀಲಿಯಲ್ಲಿ, ಕೆಳಗಿನ ನದಿಯಿಂದ ಮೇಲಕ್ಕೆ ಕವಲೊಡೆದ ತೊರೆಗಳು. ಒಂದೊಂದೂ ತನ್ನ ಪಾಡಿಗೆ ಬಂಡೆ ಕೊರೆದು ಒಂದೊಂದು ಕಮರಿ ಮಾಡಿಕೊಂಡಿತ್ತು. ಒಟ್ಟು ಐದು. ಮೊದಲ ನಾಲ್ಕಕ್ಕೆ ಹೆಸರಿತ್ತು. ಮೇಲಿನ ಎಡ ಮೂಲೆಯಲ್ಲಿದ್ದ ಐದನೆಯದಕ್ಕೆ ಇರಲಿಲ್ಲ.

"ಇಷ್ಟನ್ನೂ ಕೈಯಲ್ಲೇ ಬರೆದದ್ದಾ?" ನಿರ್ದೇಶಕರು ಬಗ್ಗಿ ನೋಡಿದರು. "ಈಗಿನವರ ಕೈಲಿ ಆಗುತ್ತಾ ಇದು? ಇವರು ನಿಮ್ಮ ಮಾವನವರೇ ಅಲ್ವಾ?"

ಹಾಳೆಯ ಬುಡದಲ್ಲಿ, 'ಕ್ಷೇತ್ರದಲ್ಲಿ ಅಳೆದು ಬರೆದವರು' ಎಂಬಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಅವನ ಮಾವನ ಹೆಸರಿತ್ತು.

"ಹೌದು ಸಾರ್."

"ಒಳ್ಳೇದಾಯ್ತು. ಆ ಮೇಡಂ ಇದರದ್ದೇ ನಕಲು ಹಿಡ್ಕೊಂಡು ಹೋಗಿರೋದಂತೆ. ಹುಡುಕೋರಿಗೆ ಈಗ ಮೂಲ ಬೇಕಂತೆ. ನಕಲಲ್ಲಿ ಸಣ್ಣ ಗೆರೆ ಸರಿಯಾಗಿ ಬಿದ್ದಿಲ್ಲವಂತೆ. ನಕಲು ಕೊಟ್ಟೋರು ಯಾರು?"

"ನಾನೇ ಸಾರ್."

"ಒಳ್ಳೇದಾಯ್ತು."

ಸುದ್ದಿ ಅವನಿಗೆ ಬೆಳಿಗ್ಗೆಯೇ ಗೊತ್ತಿತ್ತು. ತಿಂಡಿಯ ಹೊತ್ತಿಗೆ ಹೆಂಡತಿ ಪೇಪರು ನೋಡಿ ಗಟ್ಟಿಯಾಗಿ ಓದಿದ್ದಳು: ಪಾಚಿಗಳ ಬಗ್ಗೆ ಅಧ್ಯಯನ ಮಾಡುವ ಕಾಲೇಜು ಅಧ್ಯಾಪಕಿಯೊಬ್ಬರು ಎತ್ತರದ ಸೀಮೆಗೆ ಒಬ್ಬರೇ ಹೋಗಿ ನಾಲ್ಕು ದಿನವಾದರೂ ಮರಳಿಲ್ಲ; ಆರು ಜನರ ಶೋಧ ತಂಡ ನಿನ್ನೆ ಹೊರಟಿದೆ. ಓದಿ ಮುಗಿಸಿ ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಅದೇ ನಲವತ್ತೇಳನೇ ಹಾಳೆಯ ಒಂದು ಪ್ರತಿ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. "ಅಪ್ಪನ ಸೀಮೆ," ಎಂದಳು. ಅವನು ಬಟ್ಟಲನ್ನು ತಿರುಗಿಸುತ್ತ ಕೂತಿದ್ದ. ಏನಾದರೂ ಹೇಳಬೇಕಿತ್ತು. "ಹ್ಞೂಂ," ಎಂದ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವನು ಈ ಕಚೇರಿಯಲ್ಲಿ ಹೊಸಬ ಎನ್ನುವಷ್ಟು ಹೊಸಬ. ಎತ್ತರದ ಸೀಮೆಯ ಮೇಲೆ ವಿಮಾನ ಹಾರಿಸಿ ಫೋಟೋ ತೆಗೆದಿದ್ದರು. ಅಲ್ಲಿ ವರ್ಷವಿಡೀ ಮೋಡ. ನೂರಾರು ಫೋಟೋಗಳಲ್ಲಿ ಹತ್ತಿ ಹಿಂಜಿದಂತೆ ಬಿಳುಪು ಬಿಟ್ಟರೆ ಬೇರೇನಿಲ್ಲ. ನಾಲ್ಕರಲ್ಲಿ ಮಾತ್ರ ಮೋಡ ಸರಿದಿತ್ತು. ಆ ನಾಲ್ಕನ್ನು ಮೇಜಿನ ಮೇಲೆ ಜೋಡಿಸಿ, ಭೂತಗನ್ನಡಿ ಹಿಡಿದು, ಪಕ್ಕದಲ್ಲಿ ನಲವತ್ತೇಳನೇ ಹಾಳೆ ಇಟ್ಟುಕೊಂಡು ಅವನು ಒಂದಿಡೀ ಮಧ್ಯಾಹ್ನ ನೋಡಿದ. ನಕ್ಷೆಯಲ್ಲಿ ಐದನೇ ತೊರೆ ಇದ್ದ ಕಡೆ ಫೋಟೋದಲ್ಲಿ ತೊರೆ ಇರಲಿಲ್ಲ. ನಕ್ಷೆಯಲ್ಲಿ ಸಲೀಸಾಗಿ ಏರುವ ಇಳಿಜಾರು ಫೋಟೋದಲ್ಲಿ ಕಪ್ಪು ನೆರಳಾಗಿತ್ತು. ಅಷ್ಟು ಕಪ್ಪು ನೆರಳು ಬೀಳುವುದು ಕಡಿದಾದ ಬಂಡೆಯಿಂದ ಮಾತ್ರ.

ಯಾರೋ ಅಲ್ಲಿಗೆ ಹೋಗದೆಯೇ ಅಲ್ಲಿಯದನ್ನು ಬರೆದಿದ್ದರು. ಅದೂ ಎಷ್ಟು ಚೆನ್ನಾಗಿ. ಊಹಿಸಿ ಬರೆದ ಗೆರೆಗಳಿಗೂ ಕಂಡು ಬರೆದ ಗೆರೆಗಳಿಗೂ ಒಂದು ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆಗ ಕಚೇರಿಯ ಮುಖ್ಯಸ್ಥರಾಗಿದ್ದವರು ಹಾಳೆಯ ಬುಡದಲ್ಲಿದ್ದ ಆ ಹೆಸರಿನ ಮನುಷ್ಯನೇ. ಎತ್ತರದ ಸೀಮೆ ಅಳೆದವರು ಎಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಅವನು ನಾಲ್ಕು ಫೋಟೋ ಹಿಡಿದು ಅವರ ಕೋಣೆಯ ಬಾಗಿಲವರೆಗೂ ಹೋದ. ಒಳಗೆ ಅವರ ಮಗಳು ಕೂತಿದ್ದಳು. "ಬಾರಯ್ಯಾ, ಏನು?" ಎಂದರು ಅವರು. "ಏನಿಲ್ಲ ಸಾರ್, ಆಮೇಲೆ ಬರ್ತೀನಿ," ಎಂದ.

ಆಮೇಲೆ ಹೋಗಲಿಲ್ಲ. ಫೋಟೋಗಳನ್ನು ಲಕೋಟೆಗೆ ಹಾಕಿ ಮೇಲೆ ತನ್ನ ಕೈಯಾರೆ ಬರೆದ: 'ಮೋಡ ಮುಚ್ಚಿದೆ. ಅಸ್ಪಷ್ಟ.' ಮರುವರ್ಷ ಅವಳನ್ನು ಮದುವೆಯಾದ. ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕಾಲ ಬಂದಾಗ ನಲವತ್ತೇಳನೇ ಹಾಳೆಯನ್ನು ಅವನೇ ಇಳಿಸಿದ, ಐದನೇ ತೊರೆಯ ಸಮೇತ. ಗೆರೆ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಕೆಲಸ ಮಾಡುತ್ತಾನೆಂದು ಅಷ್ಟರಲ್ಲಿ ಅವನಿಗೆ 'ಸ್ಕೇಲು' ಎಂಬ ಹೆಸರು ಬಿದ್ದಿತ್ತು. ಎದುರಿಗೆ, ಸ್ಕೇಲ್ ಸಾಹೇಬರು.

ನಿರ್ದೇಶಕರ ಕೋಣೆಯಿಂದ ಬಂದವನೇ ಉಗ್ರಾಣಕ್ಕೆ ಹೋಗಿ ಆ ಲಕೋಟೆ ಹುಡುಕಿದ. ಕಪಾಟಿನಲ್ಲಿ ಇರಬೇಕಾದ ಕಡೆ ಇರಲಿಲ್ಲ. ದಾಖಲೆ ಪುಸ್ತಕ ತೆಗೆಸಿದ. ಏಳು ವರ್ಷದ ಹಿಂದೆ ಅಸ್ಪಷ್ಟವಾದ ಫೋಟೋಗಳನ್ನೆಲ್ಲ ವಿಲೇವಾರಿ ಮಾಡಲಾಗಿತ್ತು. ವಿಲೇವಾರಿ ಎಂದರೆ ಸುಟ್ಟದ್ದು. ಪಟ್ಟಿಯ ಕೆಳಗೆ ಒಪ್ಪಿಗೆಯ ಸಹಿ ಅವನದೇ. ಆ ದಿನ ಮುನ್ನೂರು ಸಾಲಿನ ಪಟ್ಟಿಗೆ ಓದದೆ ಸಹಿ ಹಾಕಿದ್ದು ನೆನಪಾಯಿತು.

ಈಗ ಆ ನಾಲ್ಕು ಫೋಟೋ ಅವನ ತಲೆಯಲ್ಲಿ ಮಾತ್ರ ಇದ್ದವು. ಅಲ್ಲೂ ಅವು ಸ್ವಲ್ಪ ಮಸುಕಾಗಿದ್ದವು.

ಪಾಚಿ ಮೇಡಂ ಎಂದು ಹೆಸರಿಟ್ಟದ್ದು ಗುಮಾಸ್ತೆ. ಮೂರು ವಾರದ ಹಿಂದೆ, ಮಧ್ಯಾಹ್ನದ ಬಿಡುವಿನಲ್ಲಿ, ಕೌಂಟರಿನಲ್ಲಿ ಅವನೊಬ್ಬನೇ ಇದ್ದಾಗ ಆ ಅಧ್ಯಾಪಕಿ ಬಂದಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ಉಗುರಿನಲ್ಲಿ ಮಣ್ಣು, ಬೂಟಿಗೂ ಮಣ್ಣು. ಹಾಳೆಯ ಮೇಲೆ ಮುಖ ತಗಲುವಷ್ಟು ಬಗ್ಗಿ ನೋಡಿದಳು.

"ಈ ಐದನೇದಕ್ಕೆ ಯಾಕೆ ಹೆಸರಿಲ್ಲ?"

"ಇಟ್ಟಿಲ್ಲ."

"ಪಾಪ," ಎಂದು ನಕ್ಕಳು. "ಯಾರೂ ಹೋಗದೇ ಇರೋ ಕಡೆ ನನ್ನ ಪಾಚಿಗಳು ಆರಾಮಾಗಿರ್ತಾವೆ. ಅಲ್ಲಿಗೇ ಹೋಗ್ತೀನಿ. ಇಳಿಜಾರು ಸುಲಭ ಇದೆ ಅಲ್ವಾ?"

ಅವನು ಆಗ ಹೇಳಬಹುದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳೇನು ದೂರು ಕೊಡುವವಳಂತೆ ಕಾಣುತ್ತಿರಲಿಲ್ಲ; ಹೇಳಿದ್ದರೆ ಬಹುಶಃ ಇನ್ನೊಂದು ಸಲ ನಗುತ್ತಿದ್ದಳು. ಮಾತು ಗಂಟಲವರೆಗೂ ಬಂತು. ಬಾಯಿಗೆ ಬಂದದ್ದು ಬೇರೆ.

"ನಕ್ಷೆಯಲ್ಲಿದೆ ಅಂದ್ಮೇಲೆ ಇದ್ದೇ ಇರುತ್ತೆ."

ನಕಲು ತೆಗೆದು, 'ಮೂಲದಂತೆ ಸರಿಯಿದೆ' ಎಂಬ ಮೊಹರು ಒತ್ತಿ, ಸಹಿ ಹಾಕಿ ಕೊಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೂಲದಂತೆ ಸರಿಯಾಗಿಯೇ ಇತ್ತು.

ಹಾಳೆಯನ್ನು ಬೇರೆಯವರ ಕೈಯಲ್ಲಿ ಕಳಿಸುವುದು ಬೇಡ, ತಾನೇ ಒಯ್ಯುತ್ತೇನೆ ಎಂದು ನಿರ್ದೇಶಕರಿಗೆ ಹೇಳಿದ. ಒಳ್ಳೇದಾಯ್ತು ಎಂದರು. ಶೋಧದ ಕೆಲಸ ನೋಡಿಕೊಳ್ಳುತ್ತಿದ್ದ ಅಗ್ನಿಶಾಮಕ ಠಾಣೆ ಪೇಟೆಯ ಆಚೆ ತುದಿಗೆ. ಅವನು ಕೊಳವೆಯಲ್ಲಿ ಸುತ್ತಿದ ಹಾಳೆ ಬಗಲಲ್ಲಿಟ್ಟುಕೊಂಡು ನೇರ ಅಲ್ಲಿಗೆ ಹೋಗದೆ ಮನೆಗೆ ಹೋದ.

ಬಾಗಿಲು ತೆರೆದ ಹೆಂಡತಿ ಮೊದಲು ಗಡಿಯಾರ ನೋಡಿದಳು.

"ಏನ್ರೀ, ಈ ಹೊತ್ತಿನಲ್ಲಿ?"

"ಊಟಕ್ಕೆ."

"ಹೇಳಿದ್ರೆ ಆಗ್ತಿರಲಿಲ್ವಾ? ಇರಿ, ಬಿಸಿ ಮಾಡ್ತೀನಿ. ಆ ಮೇಡಂ ಸಿಕ್ಕಿದ್ರಾ?"

"ಇನ್ನೂ ಇಲ್ಲ. ಮಾವ ಎದ್ದಿದ್ದಾರಾ?"

"ಎದ್ದು ಕೂತಿದ್ದಾರೆ. ಯಾಕೆ?"

"ಸುಮ್ಮನೆ."

ಮಾವ ಹಿಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಎಂಬತ್ತಮೂರು ವರ್ಷ. ಮೊಣಕಾಲ ಮೇಲೆ ಟವೆಲು ಹಾಸಿಕೊಂಡು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಕೈ ಈಗಲೂ ನಡುಗುತ್ತಿರಲಿಲ್ಲ. ಅವನನ್ನು ಕಂಡದ್ದೇ ಮುಖ ಅರಳಿತು.

"ಬನ್ನಿ ಅಳಿಯಂದ್ರೇ. ಕಚೇರಿ ಮುಳುಗೋಯ್ತಾ?"

"ಇಲ್ಲ ಮಾವ. ಒಂದು ವಿಷಯ ಕೇಳಬೇಕಿತ್ತು. ನಲವತ್ತೇಳನೇ ಹಾಳೆ."

"ಹ್ಞಾಂ. ಒಳ್ಳೇ ಹಾಳೆ."

"ಮೇಲಿನ ಎಡ ಮೂಲೆ. ಐದನೇ ತೊರೆ."

ಮಾವ ಇನ್ನೊಂದು ಉಗುರು ಕತ್ತರಿಸಿದರು. ತುಣುಕು ಟವೆಲಿನಿಂದಾಚೆ ಹಾರಿತು, ಎಲ್ಲಿ ಬಿತ್ತೆಂದು ನೆಲದ ಮೇಲೆ ಹುಡುಕುತ್ತ ಕೇಳಿದರು, "ಏನದಕ್ಕೆ?"

"ನೀವು ಅಲ್ಲಿಗೆ ಹೋಗಿದ್ರಾ?"

"ನದಿ ಸೇರೋ ಕಡೆ ನಿಂತು ನೋಡಿದೆ. ಅಬ್ಬಾ, ಏನು ನೀರು. ನಾಲ್ಕು ತೊರೆಯಿಂದ ಅಷ್ಟು ನೀರು ಬರೋಕೆ ಸಾಧ್ಯಾನೇ ಇಲ್ಲ. ಲೆಕ್ಕ ಹಾಕಿ ನೋಡಿ. ಐದು ಇರಲೇಬೇಕು."

"ಅಂದ್ರೆ, ಹತ್ತಿ ನೋಡಲಿಲ್ಲ."

"ನೀರು ಮೇಲಿಂದ ಕೆಳಗೆ ತಾನೇ ಬರೋದು? ಕೆಳಗೆ ನೋಡಿದ್ರೆ ಮೇಲೆ ಏನಿದೆ ಅಂತ ಗೊತ್ತಾಗುತ್ತೆ." ಈ ಮಾತು ಅವರಿಗೇ ಇಷ್ಟವಾಗಿ ಒಂದು ಸಲ ತಲೆಯಾಡಿಸಿದರು. "ಮಂಜು ಬೇರೆ. ಹನ್ನೊಂದು ದಿನ. ಕೂಲಿಯವರು ಮೇಲೆ ಬರಲ್ಲ ಅಂತ ಕೂತುಬಿಟ್ರು. ನಾನು ಕೆಳಗಿನ ಊರಲ್ಲಿ ಇಳಿದುಕೊಂಡೆ. ಛತ್ರದಂಥ ಜಾಗ. ಬಿಸಿನೀರು ಸಿಗ್ತಿತ್ತು. ಇಸ್ಪೀಟಿಗೆ ಜನ ಸಿಗ್ತಿದ್ರು. ಅಲ್ಲೇ ಕೂತು ಆ ಮೂಲೆ ಮುಗಿಸಿದೆ."

"ಕೂತಲ್ಲೇ."

"ಬರೆಯೋಕೆ ನಿಂತುಕೊಳ್ಳಬೇಕಾ?" ಮಾವ ನಕ್ಕರು. "ಅಲ್ಲೇ ಟೆಲಿಗ್ರಾಂ ಬಂದದ್ದು, ಮಗಳು ಹುಟ್ಟಿದಳು ಅಂತ. ಇಸ್ಪೀಟು ಹಂಚ್ತಿದ್ದೆ."

ಹೆಂಡತಿ ಹುಟ್ಟಿದ ಕಥೆ ಈ ಮನೆಯಲ್ಲಿ ಅವನು ಎಷ್ಟು ಸಲ ಕೇಳಿದ್ದನೋ. ಅವಳು ಹುಟ್ಟಿದಾಗ ಅಪ್ಪ ಐದನೇ ತೊರೆಯ ನೆತ್ತಿಯಲ್ಲಿದ್ದರು, ಮಂಜಿನಲ್ಲಿ ಸಿಕ್ಕಿಕೊಂಡಿದ್ದರು, ಸುದ್ದಿ ಮುಟ್ಟಿಸಲು ಯಾರಿಂದಲೂ ಆಗಲಿಲ್ಲ, ಹಾಗಾಗಿ ಅವರು ಮಗಳ ಮುಖ ನೋಡಿದ್ದು ಅವಳಿಗೆ ಮೂರು ತಿಂಗಳಾದ ಮೇಲೆ. ಯಾರಾದರೂ ಹೊಸಬರು ಮನೆಗೆ ಬಂದರೆ ಅವಳು ಅವರನ್ನು ನಕ್ಷೆಯ ಮುಂದೆ ನಿಲ್ಲಿಸಿ ಬೆರಳಿಟ್ಟು ತೋರಿಸುತ್ತಿದ್ದಳು: ನಾನು ಹುಟ್ಟಿದ ದಿನ ಅಪ್ಪ ಇಲ್ಲಿದ್ರು.

"ಅಲ್ಲಿಂದ ಮನೆಗೆ ಎಷ್ಟು ದೂರ ಮಾವ?"

"ಒಂದು ಹಗಲು ಬಸ್ಸು."

"ಹೋಗಲಿಲ್ಲ."

ಮಾವ ಟವೆಲಿನ ನಾಲ್ಕು ಮೂಲೆ ಜೋಡಿಸಿ, ಉಗುರಿನ ತುಣುಕು ಚೆಲ್ಲದಂತೆ ಜೋಪಾನವಾಗಿ ಮಡಚಿದರು.

"ಕೆಲಸ ಇತ್ತಲ್ಲ," ಎಂದರು.

ಹಿಂದೆ ಯಾರೋ ನಿಂತಂತಾಯಿತು. ತಿರುಗಿದ. ಹೆಂಡತಿ ಬಾಗಿಲಲ್ಲಿದ್ದಳು, ಕೈಯಲ್ಲಿ ಒದ್ದೆ ಸೌಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಸೌಟಿನಿಂದ ನೆಲಕ್ಕೆ ಏಳೆಂಟು ಹನಿ ಬಿದ್ದಿದ್ದವು.

"ಊಟ ಆರಿಹೋಗುತ್ತೆ," ಎಂದಳು.

ಉಂಡ. ಅವಳು ಎದುರಿಗೆ ಕೂತು ನೋಡಿದಳು. ಗೋಡೆಯ ಮೇಲಿನ ನಕ್ಷೆಯ ಕಡೆ ಇಬ್ಬರೂ ನೋಡಲಿಲ್ಲ. ಒಂದು ಗೋಡೆಯನ್ನು ಪೂರ್ತಿ ಬಿಟ್ಟು ನೋಡುವುದು ಎಷ್ಟು ಕಷ್ಟ ಎಂದು ಅವನಿಗೆ ಅನ್ನಿಸಿತು. ಕತ್ತು ನೋಯತೊಡಗಿತು.

"ಇನ್ನು ಸ್ವಲ್ಪ ಹಾಕಲಾ?"

"ಸಾಕು."

"ಏನೂ ತಿಂದಿಲ್ಲ ನೀವು."

"ನೀನು ಕೇಳಿಸಿಕೊಂಡೆಯಾ?"

"ಏನನ್ನ?"

ಅವನು ಕೈತೊಳೆದು ಬಂದ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗ ಅವಳೇ ಕೊಳವೆ ತಂದುಕೊಟ್ಟಳು. ಕೊಟ್ಟ ಮೇಲೂ ಅದನ್ನು ಪೂರ್ತಿ ಬಿಡಲಿಲ್ಲ.

"ಅಪ್ಪನಿಗೆ ಈಗ ನೆನಪು ಸರಿಯಿಲ್ಲ. ಹಿಂದಿನದು ಮುಂದಿನದು ಎಲ್ಲ ಕಲಸಿಹೋಗಿದೆ. ಅವರು ಹೇಳಿದ್ದನ್ನೆಲ್ಲ ಹೊರಗೆ ಹೇಳೋಕೆ ಹೋಗಬೇಡಿ."

"ಅವರ ನೆನಪಿಗೇನೂ ಆಗಿಲ್ಲ."

"ನಾನು ಹೇಳಿದ್ನಲ್ಲ, ಆಗಿದೆ ಅಂತ."

ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ, ಅಳುವೂ ಇರಲಿಲ್ಲ. ಬಹಳ ದಿನದಿಂದ ಇಟ್ಟಲ್ಲೇ ಇದ್ದ ಸಾಮಾನೊಂದನ್ನು ಯಾರೋ ಸರಿಸಿದಾಗ ಬರುವಂಥ ಬೇಸರ ಮಾತ್ರ ಇತ್ತು. ಅವನು ಅವಳ ಮುಖ ನೋಡಿದ. ಎಷ್ಟು ವರ್ಷದಿಂದ ಗೊತ್ತು ಎಂದು ಕೇಳಬೇಕೆನಿಸಿತು. ಇವಳಿಗೆ ನೋವಾಗಬಾರದೆಂದು ತಾನು ಇಪ್ಪತ್ತಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಇವಳು ಯಾರಿಗಾಗಿ ಮುಚ್ಚಿಕೊಂಡಿದ್ದಳು? ಒಂದೇ ಮನೆಯಲ್ಲಿ, ಒಂದೇ ಗೋಡೆಯ ಕೆಳಗೆ, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಸುಳ್ಳನ್ನು ಸಾಕಿದ್ದರು.

"ಹೊತ್ತಾಯ್ತು," ಎಂದ.

"ಕೊಡೆ ಬೇಡ್ವಾ?"

"ಬೇಡ."

ಬಸ್ಸಿನಲ್ಲಿ ನಿಂತೇ ಹೋದ. ಎರಡು ಸೀಟು ಖಾಲಿಯಿದ್ದವು. ಕೂತರೆ ಇಳಿಯಲಾರೆ ಅನ್ನಿಸಿತು. ಅಂಗಡಿಗಳು, ದವಾಖಾನೆ, ಶಾಲೆ ಬಿಟ್ಟು ಬರುವ ಮಕ್ಕಳು ಎಲ್ಲ ಇರಬೇಕಾದ ಕಡೆ ಇದ್ದವು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿದ. 'ಈ ಮೂಲೆ ಸುಳ್ಳು' ಎಂದರೆ ತೀರಾ ಒರಟು. 'ಈ ಭಾಗದಲ್ಲಿ ಕ್ಷೇತ್ರ ಪರಿಶೀಲನೆ ನಡೆದಂತೆ ಕಾಣುವುದಿಲ್ಲ' ಎಂದರೆ ಸರಿ. ಆ ವಾಕ್ಯದಲ್ಲಿ ಯಾರೂ ಇರಲಿಲ್ಲ, ಮಾವನಿರಲಿಲ್ಲ, ಅವನೂ ಇರಲಿಲ್ಲ.

ಠಾಣೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಐದಾರು ಜನರಿದ್ದರು. ಗೋಡೆಗೆ ಹೊಸ ನಕ್ಷೆ ಅಂಟಿಸಿತ್ತು, ಅವನೇ ಇಳಿಸಿದ್ದು. ಮೂಲೆಯ ಮೇಜಿನಲ್ಲಿ ವೈರ್‌ಲೆಸ್ ಪೆಟ್ಟಿಗೆ, ಅದರ ಮುಂದೆ ದಪ್ಪ ಕನ್ನಡಕದ ಆಪರೇಟರ್ ಹೆಂಗಸು. ಬೆಂಚಿನ ಮೇಲೆ ಇನ್ನೊಬ್ಬಳು, ಮಡಿಲಲ್ಲಿ ಒಂದು ಚೀಲ ಅವುಚಿಕೊಂಡು ಕೂತಿದ್ದಳು. ಮುಖ ನೋಡಿದ ಕೂಡಲೇ ಅವನಿಗೆ ಯಾರೆಂದು ತಿಳಿಯಿತು. ಅದೇ ಹಣೆ, ಅದೇ ಗಲ್ಲ.

ಠಾಣೆಯ ಅಧಿಕಾರಿ ಎದ್ದು ಬಂದು ಕೊಳವೆ ಇಸಿದುಕೊಂಡರು. "ನಕ್ಷೆ ಕಚೇರಿಯವರಾ? ಬೆಳಿಗ್ಗೆಯಿಂದ ಕಾಯ್ತಿದ್ದೀವಿ ಸಾರ್."

"ಖಾನೆ ಸಿಕ್ಕಿಹಾಕಿಕೊಂಡಿತ್ತು."

ಬೆಂಚಿನಲ್ಲಿದ್ದವಳು ಎದ್ದು ಬಂದಳು.

"ನಕಲು ಕೊಟ್ಟವರು ನೀವೇನಾ? ಸಹಿ ನಿಮ್ಮದೇನಾ?"

"ಹೌದು."

"ನಾನು ಅವಳ ತಂಗಿ. ನಿಮ್ಮ ವಿಷಯ ಹೇಳಿದ್ಳು ಅಕ್ಕ. ಕಚೇರಿಯಲ್ಲಿ ಒಬ್ಬರು ತುಂಬಾ ಒಳ್ಳೆಯವರಿದ್ದಾರೆ, ತಾಳ್ಮೆಯಿಂದ ಎಲ್ಲ ತೋರಿಸಿದ್ರು, ಇಲ್ಲದಿದ್ರೆ ನನಗೆ ಧೈರ್ಯಾನೇ ಬರ್ತಿರಲಿಲ್ಲ ಅಂತ." ಅವಳು ಕೈ ಮುಗಿಯಲು ಹೋದಳು, ಚೀಲ ಅಡ್ಡ ಬಂತು. "ಬಟ್ಟೆ ತಂದಿದ್ದೀನಿ. ಸಿಕ್ಕಿದ ಕೂಡಲೇ ಬೇಕಾಗುತ್ತಲ್ಲ."

"ಬೇಕಾಗುತ್ತೆ," ಎಂದ.

ಅಧಿಕಾರಿ ಹಾಳೆ ಬಿಡಿಸಿ ಬೆರಳಿಡುತ್ತಿದ್ದರು. ಅವನು ಹತ್ತಿರ ಹೋಗಿ ದನಿ ತಗ್ಗಿಸಿದ. "ಸ್ವಲ್ಪ ಹೊರಗೆ ಬರ್ತೀರಾ?"

"ಇಲ್ಲೇ ಹೇಳಿ ಸಾರ್. ಬೆಳಕು ಇನ್ನು ಒಂದು ಗಂಟೆ ಇರುತ್ತೆ ಅಷ್ಟೇ."

"ಈ ಭಾಗದಲ್ಲಿ ಕ್ಷೇತ್ರ ಪರಿಶೀಲನೆ ನಡೆದಂತೆ ಕಾಣುವುದಿಲ್ಲ."

"ಅಂದ್ರೆ?"

"ಪರಿಶೀಲನೆ."

"ಕನ್ನಡದಲ್ಲಿ ಹೇಳಿ ಸಾರ್."

"ಯಾರೂ ಅಲ್ಲಿಗೆ ಹೋಗಿಲ್ಲ. ಹೋಗದೆ ಬರೆದಿದ್ದಾರೆ." ಕಟ್ಟಿದ ವಾಕ್ಯ ಮುರಿದದ್ದೇ ಉಳಿದದ್ದು ತಾನಾಗಿ ಉದುರಿತು. "ಐದನೇ ತೊರೆ ಇಲ್ಲ. ಆ ಇಳಿಜಾರೂ ಇಲ್ಲ. ಅಲ್ಲಿರೋದು ಕಡಿದಾದ ಬಂಡೆ. ನಾನು ಫೋಟೋದಲ್ಲಿ ನೋಡಿದ್ದೀನಿ. ಇಪ್ಪತ್ತನಾಲ್ಕು ವರ್ಷದ ಹಿಂದೇನೇ ನೋಡಿದ್ದೀನಿ."

ತಂಗಿ ಕೇಳಿಸಿಕೊಂಡಳು, ಅರ್ಥವಾಗಲು ಅವಳಿಗಿನ್ನೂ ಸ್ವಲ್ಪ ಹೊತ್ತು ಬೇಕು ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವನಿಗೆ ವಿಚಿತ್ರವಾಗಿ ಹಗುರವೆನಿಸಿತು. ಇನ್ನು ಬೈಯುತ್ತಾರೆ, ಕೊರಳಪಟ್ಟಿ ಹಿಡಿಯುತ್ತಾರೆ, ಬರೆದು ಕೊಡಿ ಎನ್ನುತ್ತಾರೆ. ಏನಾದರೂ ಆಗುತ್ತದೆ.

ಅಧಿಕಾರಿ ಅವನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ.

"ಫೋಟೋ ತಂದಿದ್ದೀರಾ?"

"ಇಲ್ಲ. ಈಗ ಇಲ್ಲ."

"ಬಿಸಿಲಲ್ಲಿ ಬಂದಿರಾ ಸಾರ್? ಕೂತ್ಕೊಳ್ಳಿ. ನೀರು ಕುಡೀರಿ." ನಕ್ಷೆಯ ಮೇಲಿನ ಎಡ ಮೂಲೆಗೆ ಬೆರಳಿಟ್ಟರು. "ಇಪ್ಪತ್ತು ನಿಮಿಷದ ಹಿಂದೆ ನಮ್ಮ ತಂಡ ಇಲ್ಲಿಂದ ಮಾತಾಡಿತು. ಐದನೇ ತೊರೆ ಹತ್ರ ಇದ್ದೀವಿ ಅಂತ."

"ಸಾಧ್ಯವಿಲ್ಲ."

"ಅವರು ಅಲ್ಲಿದ್ದಾರೆ. ನೀವು ಇಲ್ಲಿದ್ದೀರಿ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ತೊರೆ ಇದ್ದರೆ? ಇಸ್ಪೀಟು ಹಂಚುತ್ತ ಕೂತ ಮನುಷ್ಯ ಬರೆದ ಗೆರೆ ನಿಜವಾಗಿದ್ದರೆ, ತಾನು ಕಂಡ ಕಪ್ಪು ನೆರಳು ಬರೀ ಮೋಡದ್ದಾಗಿದ್ದರೆ, ಇಷ್ಟು ವರ್ಷ ಹೊತ್ತದ್ದು ಏನನ್ನು? ಇಲ್ಲದಿದ್ದರೆ, ಅವರು ನಾಲ್ಕನೆಯದನ್ನೇ ಐದನೆಯದೆಂದುಕೊಂಡು ನಿಂತಿದ್ದಾರೆ. ನಕ್ಷೆ ನಂಬಿ ಹತ್ತಿದರೆ ಬಂಡೆಯ ಅಂಚಿಗೆ ಹೋಗುತ್ತಾರೆ.

"ಇನ್ನೊಂದು ಸಲ ಕೇಳಿ," ಎಂದ. "ದಯವಿಟ್ಟು. ಹತ್ತೋಕೆ ಮುಂಚೆ."

ಅಧಿಕಾರಿ ಆಪರೇಟರಿಗೆ ಸನ್ನೆ ಮಾಡಿದರು. ಅವಳು ಗುಂಡಿ ತಿರುವಿ ಕರೆದಳು. ಮೂರನೇ ಸಲಕ್ಕೆ ಪೆಟ್ಟಿಗೆಯ ಮೇಲೆ ಕಡಲೆಯಷ್ಟು ಗಾತ್ರದ ಕೆಂಪು ದೀಪ ಹತ್ತಿಕೊಂಡಿತು. "ದೀಪ ಇದ್ರೆ ಅವರು ಆ ಕಡೆ ಇದ್ದಾರೆ ಅಂತ," ಎಂದು ತಂಗಿಗೆ ಹೇಳಿದಳು. ತುಂಡು ತುಂಡಾಗಿ ಗಂಡಸಿನ ದನಿ ಬಂತು.

"...ಮಂಜು. ಕೈ ಚಾಚಿದ್ರೆ ಕೈ ಕಾಣಲ್ಲ... ತೊರೆ ಎದುರಿಗೇ ಇದೆ... ನಕ್ಷೆ ಪ್ರಕಾರ ಐದನೇದು..."

"ತೊರೆ ಕಣ್ಣಿಗೆ ಕಾಣ್ತಿದೆಯಾ?" ಅಧಿಕಾರಿ ಬಗ್ಗಿ ಕೇಳಿದರು.

"...ಸದ್ದು ಕೇಳಿಸ್ತಿದೆ ಸಾರ್. ನೀವೇ ಕೇಳಿ, ಹಿಡೀತೀನಿ..."

ದನಿ ನಿಂತಿತು. ಪೆಟ್ಟಿಗೆಯಿಂದ ಒಂದು ಮೊರೆತ ಹೊರಟು ಕೋಣೆ ತುಂಬಿತು. ಆಪರೇಟರ್ ಸದ್ದು ಹೆಚ್ಚಿಸಿ, ದಾಖಲೆ ಪುಸ್ತಕ ಎಳೆದುಕೊಂಡು ಹೊತ್ತು ಬರೆಯತೊಡಗಿದಳು. ಎಲ್ಲರೂ ಪೆಟ್ಟಿಗೆಯ ಸುತ್ತ ಬಂದು ತಲೆ ಬಗ್ಗಿಸಿ ನಿಂತರು.

"ನೀರು," ಎಂದಳು ತಂಗಿ. ಅವನು ಬಂದಾಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಗಿತ್ತು. "ನೀರು ಹರೀತಿದೆ. ಕೇಳಿ, ಬಂಡೆ ಮೇಲಿಂದ ಬೀಳೋ ಥರ."

"ನೀರೇ," ಎಂದ ಇನ್ನೊಬ್ಬ.

ಅಧಿಕಾರಿ ಅವನ ಕಡೆ ತಿರುಗಿದರು. ಬೇಕೆಂದೇ ಮೆತ್ತಗೆ ಕೇಳಿದರು. "ಹೇಳಿ ಸಾರ್. ನಕ್ಷೆಯವರು ನೀವು. ಹತ್ತಿ ಅನ್ನಲಾ, ಇಳೀರಿ ಅನ್ನಲಾ?"

ಅವನು ಕಿವಿಗೊಟ್ಟು ಕೇಳಿದ. ಹೌದು, ನೀರಿನಂತೆಯೇ ಇತ್ತು. ಒಂದೇ ಸಮನೆ, ಎಲ್ಲಿಂದಲೋ ಎಲ್ಲಿಗೋ, ಎಡೆಬಿಡದೆ. ಕೇಳುತ್ತ ಅವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

ಕೆಂಪು ದೀಪ ಆರಿತ್ತು.

ಯಾವಾಗ ಆರಿತೋ. ಆಪರೇಟರ್ ಬರೆಯುತ್ತಿದ್ದಳು. ಉಳಿದವರು ಕಣ್ಣು ಮುಚ್ಚಿ, ಒಬ್ಬರ ಭುಜಕ್ಕೊಬ್ಬರು ತಗಲಿ ನಿಂತು ಕೇಳುತ್ತಿದ್ದರು. ಆ ಕಡೆ ಯಾರೂ ಇಲ್ಲದ ಪೆಟ್ಟಿಗೆ ಮೊರೆಯುತ್ತಲೇ ಇತ್ತು.